ನನ್ನ ಕಣ್ಣಿಗೆ ಹೆದರಿದವರು

ಮೂರು ವರ್ಷದಿಂದ ನಾನು ಯಾರನ್ನೂ ಸುಮ್ಮನೆ ನೋಡಿದ್ದಿಲ್ಲ. ನಾನು ನೋಡುವುದೇನೋ ಸುಮ್ಮನೆಯೇ, ಆದರೆ ಎದುರಿಗಿದ್ದವರಿಗೆ ಏನಾದರೊಂದು ಆಗಿಬಿಡುತ್ತದೆ. ಒಬ್ಬರು ಹೆದರುತ್ತಾರೆ, ಒಬ್ಬರು ಕೇಳದೆಯೇ ತಪ್ಪು ಒಪ್ಪಿಕೊಳ್ಳುತ್ತಾರೆ, ಒಬ್ಬರಂತೂ ಮಗಳ ಮದುವೆಯನ್ನೇ ಮಾಡಿಬಿಟ್ಟರು.

ನಾನು ಶಹಾಪುರದವಳು. ಊರೂರು ತಿರುಗಿ ಬಸುರಿ ಬಾಣಂತಿಯರನ್ನು ನೋಡುವ, ಕೂಸುಗಳಿಗೆ ಸೂಜಿ ಹಾಕುವ ಸರ್ಕಾರಿ ನರ್ಸು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಮೂರು ವರ್ಷದ ಹಿಂದೆ ಥೈರಾಯಿಡ್ ಬಂತು. ಎದೆ ಡವಡವ, ಕೈ ನಡುಕ, ಅದೆಲ್ಲ ಗುಳಿಗೆಗೆ ಬಗ್ಗಿತು. ಕಣ್ಣು ಮಾತ್ರ ಬಗ್ಗಲಿಲ್ಲ. ಎರಡೂ ಮುಂದಕ್ಕೆ ಬಂದವು, ರೆಪ್ಪೆ ಮೇಲಕ್ಕೆ ಸರಿದು ಬಿಳಿ ಭಾಗ ಸುತ್ತಲೂ ಕಾಣತೊಡಗಿತು. ಗುಳಿಗೆಗೆ ಥೈರಾಯಿಡ್ ಹತೋಟಿಗೆ ಬಂದರೂ ಕಣ್ಣು ತನ್ನ ಟೈಮ್ ತಾನು ತೆಗೆದುಕೊಳ್ಳುತ್ತದೆ, ತಡೆಯಿರಿ ಎಂದರು ಯಾದಗಿರಿಯ ಕಣ್ಣಿನ ಡಾಕ್ಟರು. ನಾನು ತಡೆದೆ. ನನ್ನನ್ನು ನೋಡಿದವರು ತಡೆಯಲಿಲ್ಲ.

ಹಳ್ಳಿಯಲ್ಲಿ ತಾಯಂದಿರು ನನ್ನನ್ನು ಕಂಡರೆ ಕೂಸಿನ ಮುಖಕ್ಕೆ ಸೆರಗು ಮುಚ್ಚತೊಡಗಿದರು. ಅಷ್ಟು ದೊಡ್ಡ ಕಣ್ಣು, ನೆದರು, ಅಂದರೆ ಕೆಟ್ಟ ದೃಷ್ಟಿ, ಆಗದೆ ಇರುತ್ತದೆಯೇ ಎಂದು ಅವರ ಲೆಕ್ಕ. ಸೂಜಿಯ ದಿನ ಬರುವ ಕೂಸುಗಳು ಕಡಿಮೆಯಾದವು. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಕರೆದು, ಇನ್ನು ಎರಡು ತಿಂಗಳು ನೋಡುತ್ತೇನೆ, ಹೀಗೇ ಆದರೆ ನೀವು ಹಳ್ಳಿಗೆ ಹೋಗುವುದು ಬೇಡ, ಇಲ್ಲೇ ಕುಂತು ರಿಜಿಸ್ಟರ್ ಬರೆಯಿರಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಊಟ ಸೇರಲಿಲ್ಲ. ನಾನು ಸೂಜಿ ಹಾಕಿದ ಕೂಸುಗಳು ಈಗ ಕಾಲೇಜಿಗೆ ಹೋಗುತ್ತಿವೆ. ನನ್ನಂಥ ತಿರುಗಾಟದವಳನ್ನು ಕುರ್ಚಿಗೆ ಕಟ್ಟಿದರೆ ನಾನು ಬದುಕುವುದು ಹೇಗೆ? ಆ ಎರಡು ತಿಂಗಳಲ್ಲಿ ಆದದ್ದನ್ನೇ ಹೇಳುತ್ತೇನೆ.

ಮನೆಯವರು

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ. ಸಿಹಿ ಬಿಟ್ಟು ವರ್ಷವಾಯಿತೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ಶನಿವಾರ ಸಂಜೆ ಅವರು ಒಳಗೆ ಬರುವಾಗ, ಕಣ್ಣಿಗೆ ಹಾಕುವ ಹನಿಯ ಬಾಟಲಿಯನ್ನು ಎಲ್ಲಿಟ್ಟೆ ಎಂದು ನೆನಪು ಮಾಡಿಕೊಳ್ಳುತ್ತ ಅವರ ಕಡೆ ನೋಡಿದೆ. ಅವರು ಚಪ್ಪಲಿ ಬಿಡುವುದನ್ನು ನಿಲ್ಲಿಸಿದರು.

"ಒಂದಾ ಪ್ಲೇಟ್ ತಿಂದೀನಿ," ಎಂದರು.

ನನಗೆ ಬಾಟಲಿ ಇನ್ನೂ ನೆನಪಾಗಿರಲಿಲ್ಲ. ನೋಡುತ್ತಲೇ ಇದ್ದೆ.

"ಆತು, ಎರಡು. ಆದ್ರ ಎರಡನೇದು ಅರ್ಧ ಗೆಳ್ಯಾ ತಿಂದಾನ."

ಬಸ್ ಸ್ಟ್ಯಾಂಡಿನ ಹತ್ತಿರದ ಜಿಲೇಬಿ, ಪ್ರತಿ ಶನಿವಾರ, ಯುಗಾದಿಯಿಂದ ಹಿಡಿದು ಇಲ್ಲಿಯತನಕ, ಎಲ್ಲ ಸಾಲಾಗಿ ಹೊರಬಂತು. ಕೊನೆಗೆ ನಾನು ಬಾಟಲಿ ಕಂಡಿರೇನು ಎಂದು ಕೇಳಿದೆ. ಅವರು, ಕಪಾಟಿನ ಮೇಲಿದೆ, ಮೊದಲೇ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ನನ್ನ ಮೇಲೇ ಸಿಟ್ಟಾದರು. ಈಗ ಬಾಟಲಿ ಕೈಯಲ್ಲೇ ಇದ್ದರೂ ಶನಿವಾರಕ್ಕೊಮ್ಮೆ ಅವರನ್ನು ನೋಡುತ್ತೇನೆ.

ಸುರಪುರದ ಬಸ್ಸು

ಈ ರೋಗದಲ್ಲಿ ನಿದ್ದೆ ಬಂದರೂ ರೆಪ್ಪೆ ಪೂರ್ತಿ ಕೂಡುವುದಿಲ್ಲ. ನನಗಿದು ಗೊತ್ತಿತ್ತು, ಪಕ್ಕದಲ್ಲಿ ಕುಂತ ಹಿರಿಯರಿಗೆ ಗೊತ್ತಿರಲಿಲ್ಲ. ಸುರಪುರಕ್ಕೆ ಟ್ರೇನಿಂಗಿಗೆ ಹೊರಟಿದ್ದೆ. ಶಹಾಪುರ ದಾಟುವುದರೊಳಗೆ ನನಗೆ ಗಾಢ ನಿದ್ದೆ. ಎಚ್ಚರವಾದಾಗ ಸುರಪುರ ಬಂದಿತ್ತು, ಹಿರಿಯರು ಎರಡೂ ಕೈ ಜೋಡಿಸಿ ನಿಂತಿದ್ದರು.

"ಮನ್ಯಾಗ ಒಬ್ಬರೂ ನನ್ನ ಮಾತ ಹಿಂಗ ಕಣ್ಣ ಬಿಟಗೊಂಡು ಕೇಳಿಲ್ಲ ನೋಡವ್ವ. ನೀ ಹೂಂ ಅಂದಿ, ನನಗ ಧೈರ್ಯ ಬಂತು," ಎಂದು ಇಳಿದು ಹೋದರು.

ಏನಕ್ಕೆ ಹೂಂ ಅಂದೆನೋ ದೇವರಿಗೇ ಗೊತ್ತು. ಆ ರಸ್ತೆಯ ಗುಂಡಿಗಳಲ್ಲಿ ತಲೆ ತಾನೇ ಹೂಂ ಅನ್ನುತ್ತದೆ. ತಿಂಗಳ ಮೇಲೆ ಅವರು ನಮ್ಮ ಆಸ್ಪತ್ರೆಯನ್ನು ಹುಡುಕಿಕೊಂಡು ಲಗ್ನಪತ್ರಿಕೆ ತಂದರು. ಮಗಳು ತಿಂಥಣಿ ಕಡೆಯ ಹುಡುಗನನ್ನೇ ಆಗುತ್ತೇನೆಂದು ಹಟ ಹಿಡಿದಿದ್ದಳಂತೆ, ಕೊಡಲೇನು ಎಂದು ಅವತ್ತು ನನ್ನನ್ನು ಮೂರು ಸಲ ಕೇಳಿದರಂತೆ, ಮೂರು ಸಲವೂ ನಾನು ಹೂಂ ಎಂದೆನಂತೆ. ಮದುವೆಗೆ ಹೋಗಿದ್ದೆ. ಜೋಡಿ ಚೆನ್ನಾಗಿತ್ತು, ನಿದ್ದೆಯಲ್ಲಿ ಆರಿಸಿದ್ದಾದರೂ.

ಸೀತಾಫಲ

ನಡುವೆ ಕೆಲವು ದಿನ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಒಂದು ಕಣ್ಣು ಮುಚ್ಚಿದರೆ ಒಂದೇ ಕಾಣುತ್ತದೆ. ಯಾದಗಿರಿ ಸ್ಟೇಷನ್ ಹೊರಗೆ ಸೀತಾಫಲದ ರಾಶಿ ಮುಂದೆ ನಿಂತು, ಯಾವುದು ನಿಜವಾದ ಹಣ್ಣು ಎಂದು ಗುರುತಿಸಲು ಒಂದು ಕಣ್ಣು ಮುಚ್ಚಿ ತೆರೆದೆ. ಆಮೇಲೆ ಮಾರುವವನ ಮುಖ ನೋಡಲು ಇನ್ನೊಮ್ಮೆ. ಅವನು ನಾಚಿ ಎರಡು ದೊಡ್ಡ ಹಣ್ಣು ಹೆಚ್ಚಿಗೆ ಹಾಕಿದ. ನನಗೆ ನಲವತ್ತಾರು ವರ್ಷ, ಅವನಿಗೆ ಐವತ್ತಾದರೂ ಆಗಿರಬೇಕು. ಮರುವಾರ ಹೋದರೆ ಅಲ್ಲಿ ಅವನಿಲ್ಲ, ಅವನ ಹೆಂಡತಿ ಕುಂತಿದ್ದಾಳೆ. ಅವಳ ಕಡೆಗೂ ಒಂದು ಕಣ್ಣು ಮುಚ್ಚಲೇಬೇಕಾಯಿತು.

"ಹಾಂ, ಗೊತ್ತಾತು ಬಿಡ್ರಿ," ಎಂದಳು ಅವಳು, "ಕಣ್ಣಿಂದಾ ರೋಗ. ಅಂವ ಒಂದ ವಾರದಿಂದ ದಿನಾ ದಾಡಿ ಮಾಡ್ಕೊಳಾಕತ್ತಾನ."

ಸೂಜಿಯ ಗುರುವಾರ

ಎರಡು ತಿಂಗಳ ಗಡುವಿನ ಕೊನೆಯ ಗುರುವಾರ. ವಡಗೇರಾ ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಲಸಿಕೆ ಡಬ್ಬಿ ಇಟ್ಟುಕೊಂಡು ಕುಂತೆ. ಹನ್ನೊಂದಾದರೂ ಒಂದು ಕೂಸಿಲ್ಲ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದಳು, ಆದರೆ ಅವರೆಲ್ಲ ಹೊರಗೆ ಬೇವಿನ ಗಿಡದ ಕೆಳಗೇ ನಿಂತರು. ಇದು ರೋಗ, ನೆದರು ಅಲ್ಲ ಎಂಬ ಭಾಷಣವನ್ನು ನಾನು ಎಷ್ಟೋ ಸಲ ಮಾಡಿದ್ದೆ. ಅವತ್ತು ಅದನ್ನು ಬಿಟ್ಟೆ. ಕಪ್ಪು ಕನ್ನಡಕ ಹಾಕಿಕೊಂಡೆ. ಅದಕ್ಕೆ ಇನ್ನಷ್ಟು ಹಿಂದೆ ಸರಿದರು.

ಆಗ ಒಬ್ಬ ಮುದುಕಿ ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಬಂದಳು. ಕೂಸಿನ ಗಲ್ಲದ ಮೇಲೆ ನೆದರು ಆಗದಿರಲೆಂದು ಕಾಡಿಗೆಯ ಬೊಟ್ಟಿತ್ತು. ಕನ್ನಡಕ ತೆಗೆ ಎಂದಳು. ತೆಗೆದೆ. ನನ್ನನ್ನು ನೋಡಿದಳು, ಕೂಸನ್ನು ನೋಡಿದಳು, ಹೊರಗಿದ್ದವರ ಕಡೆ ತಿರುಗಿದಳು.

"ನೆದರು ಹೊರಡೂದು ಈಕಿ ಕಣ್ಣಿಂದ. ಬೊಟ್ಟು ಕೂಸಿಗಿ ಹಚ್ಚಿದರ ಏನ ಬಂತು? ಹೊರಡೂ ಕಡೀನ ಕಟ್ಟಬೇಕು," ಎಂದವಳೇ, ಸಂಚಿಯಿಂದ ಕಾಡಿಗೆ ಡಬ್ಬಿ ತೆಗೆದು ಬೆರಳದ್ದಿ ನನ್ನ ಗಲ್ಲಕ್ಕೆ ಇಷ್ಟು ದೊಡ್ಡ ಬೊಟ್ಟಿಟ್ಟಳು. "ಈಗ ಹಾಕವ್ವ ಸೂಜಿ."

ನಾನು ವಿಜ್ಞಾನ ಓದಿದವಳು. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ, ಸೂಜಿ ಹಾಕಿದೆ.

ಎರಡನೆಯವಳು ಬಂದಳು. ಬೊಟ್ಟು ಹಚ್ಚಿ ಆಗಿದೆಯಲ್ಲ ಎಂದರೆ ಒಪ್ಪಲಿಲ್ಲ. ಅದು ಮುದುಕಿಯ ಮೊಮ್ಮಗನ ಬೊಟ್ಟು, ನನ್ನ ಕೂಸಿಗೆ ಬೇರೆ ಬೇಕು ಎಂದು ಇನ್ನೊಂದು ಗಲ್ಲಕ್ಕೆ ಇಟ್ಟಳು. ಆಮೇಲೆ ಸರದಿಯ ಸಾಲೇ ನಿಂತಿತು. ಬುರ್ಖಾ ತೊಟ್ಟ ಹುಡುಗಿಯೊಬ್ಬಳು, ನಜರ್ ಎಲ್ಲರ ಮನೆಯಲ್ಲೂ ಒಂದೇ ರೀ ಎಂದು ನಕ್ಕು ಗದ್ದಕ್ಕಿಟ್ಟಳು. ಅವಳಿಜವಳಿ ಕೂಸುಗಳ ತಾಯಿ ಎರಡಿಟ್ಟಳು. ಗಲ್ಲ ತುಂಬಿ, ಹಣೆ ತುಂಬಿ, ಕೊನೆಯವಳಿಗೆ ಮೂಗು ಮಾತ್ರ ಉಳಿದಿತ್ತು. ಇಪ್ಪತ್ಮೂರು ಕೂಸು, ಇಪ್ಪತ್ಮೂರು ಬೊಟ್ಟು. ಅಷ್ಟು ಕೂಸುಗಳು ಒಂದೇ ದಿನ ಬಂದು ಎಷ್ಟು ಕಾಲವಾಗಿತ್ತೋ. ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಹಾಗಾದರೆ ಮುಂದಿನ ಗುರುವಾರವೂ ನೀವೇ ಹೋಗಿ, ರಿಜಿಸ್ಟರಿಗೆ ಬೇರೆಯವರನ್ನು ನೋಡುತ್ತೇನೆ ಎಂದರು. ನನಗೆ ಅಳು ಬಂತು. ಸೆರಗಿನಿಂದ ಒರೆಸಿಕೊಂಡೆ, ಕಾಡಿಗೆ ಇನ್ನಷ್ಟು ಹರಡಿತು.

ಅದೇ ದಿನ ನಾಲ್ಕಕ್ಕೆ ಯಾದಗಿರಿಯ ಕಣ್ಣಿನ ಡಾಕ್ಟರ ಹತ್ತಿರ ನನ್ನ ತಪಾಸಣೆ. ಮುಖ ತೊಳೆಯಲು ಹೊತ್ತಿರಲಿಲ್ಲ, ಸಿಕ್ಕ ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಡಾಕ್ಟರು ಬ್ಯಾಟರಿ ಎತ್ತಿ ಬೆಳಕು ಕಣ್ಣಿಗೆ ಬಿಟ್ಟರು, ಮೆಲ್ಲಗೆ ಕೆಳಗಿಟ್ಟರು, ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಕಣ್ಣು ಸುಧಾರಿಸ್ಯಾವ. ಈ ಕರಿ ಮಚ್ಚಿ ಯಾವಾಗಿಂದ ರೀ?"

"ಮುಂಜಾನಿಂದ್ರಿ ಸರ್. ಮೊದಲ ಒಂದಾ ಇತ್ರಿ, ಎರಡು ತಾಸಿನಾಗ ಇಪ್ಪತ್ಮೂರಾದ್ವು."

ಡಾಕ್ಟರು ಕೈಗವಸು ಹಾಕಿಕೊಂಡರು. "ನೋವ ಅದೇನು?"

"ಇಲ್ರಿ ಸರ್, ಭಾಳ ಸಂತೋಷ ಅದ."

ಅವರು ನನ್ನ ಫೈಲಿನಲ್ಲಿ ಏನೋ ಬರೆದು, ಮಚ್ಚೆ ಮತ್ತೆ ಬರುವ ಲಕ್ಷಣ ಇದೆಯೇ ಎಂದು ಕೇಳಿದರು.

"ಬರಲೇಬೇಕ್ರಿ," ಎಂದೆ. "ಮುಂದಿನ ತಿಂಗಳ ಎರಡನೇ ಡೋಸ್ ಅದ."