ಚಿಗರಿಗಾಗಿ ಪಣಕ್ಕಿಟ್ಟ ಮೀಸೆ

ನನ್ನ ಮೀಸೆಯ ಮೇಲೆ ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಚಿಗರಿಯ ಸುದ್ದಿ ಬಂದಾಗೆಲ್ಲ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಜಿಂಕೆಗೆ ನಮ್ಮ ಸಿರುಗುಪ್ಪದ ಕಡೆ ಚಿಗರಿ ಅನ್ನುತ್ತಾರೆ. ತೆಕ್ಕಲಕೋಟೆ ದಾರಿಯ ನಮ್ಮ ಎರೆಹೊಲಕ್ಕೆ ಅವು ಬರುವುದು ನಾನು ಕರೆದರೆ ಮಾತ್ರ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಯುಗಾದಿ ಊಟಕ್ಕೆ ಹೆಂಡತಿಯ ತಮ್ಮ ಬಂದಿದ್ದ. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಅವನ ಮನೆ. ಹೋಳಿಗೆ ಮುರಿಯುತ್ತ ಕೆಣಕಿದ.

"ಮಾಮಾ, ಬೇಟೆಗಾರ ಅಂತ ಮೀಸಿ ತಿರುವ್ತೀರಿ. ಇಷ್ಟು ವರ್ಷದಾಗ ಒಂದಾದ್ರೂ ಚಿಗರಿ ತೋರ್ಸೀರೇನು?"

"ಹೊಡದ್ರ ಜೈಲು ಐತಿ ಲೇ. ನಂದು ಮೊಬೈಲ್ ಬೇಟೆ. ಸಂಕ್ರಾಂತಿಯೊಳಗ ಕೊಂಬಿನ ಚಿಗರಿ ಫೋಟೊ ಹತ್ರದಿಂದ ಹಿಡೀತೀನಿ. ಇಲ್ಲಂದ್ರ ಈ ಮೀಸಿ ಬೋಳ್ಸು!"

ಒಳಗಿನಿಂದ ಹೆಂಡತಿ ಅಂದಳು: "ತಲಿ ಮ್ಯಾಲೆ ಅಂತೂ ಇಲ್ಲ. ಮುಖದ ಮ್ಯಾಲಿದ್ದದ್ದನ್ನೂ ಪಣಕ್ಕಿಟ್ರಿ?"

ಬೇಸಿಗೆ

ಬೇಸಿಗೆಯಲ್ಲಿ ಹೊಲವೆಲ್ಲ ಬಯಲು, ಕಾಲುವೆ ಬಂದ್. ಉಳಿದ ನೀರಿನ ಗುಂಡಿ ಸುತ್ತ ಚಿಗರಿ ಹಿಂಡುಹಿಂಡಾಗಿ ಸೇರುತ್ತವೆ. ಕೆಲಸ ಸಲೀಸು ಅಂದುಕೊಂಡೆ. ಆದರೆ ಬಯಲಿನಲ್ಲಿ ಅವು ನನಗೆ ಕಂಡಂತೆ ನಾನೂ ಅವಕ್ಕೆ ಕಾಣುತ್ತೇನಲ್ಲ! ಮರೆಗೆ ಒಂದು ಕಡ್ಡಿಯೂ ಇಲ್ಲ. ನಾನೊಂದು ಹೆಜ್ಜೆ ಇಟ್ಟರೆ ಅವು ಒಂದು ಫರ್ಲಾಂಗು ಹಾರುತ್ತಿದ್ದವು. ಹೀಗೇ ಬೆನ್ನುಹತ್ತಿ ಎಲ್ಲೋ ದೂರದ ಮೋಕ ಊರು ಮುಟ್ಟಿ, ಬಸ್ಸಿನಲ್ಲಿ ಮನೆಗೆ ಬಂದೆ.

ಫೋಟೊ ನೋಡಿ ಮೈದುನ ಮೊಬೈಲಿನ ಗಾಜನ್ನು ಅಂಗಿಯ ತುದಿಯಿಂದ ತಿಕ್ಕಿ ತಿಕ್ಕಿ ಒರೆಸಿದ.

"ಈ ಕಪ್ಪು ಕಲಿ ಹೋಗವಲ್ವು ಮಾಮಾ."

"ಒರಸಬ್ಯಾಡಲೇ, ಅವು ಚಿಗರಿ!"

ಮುಂಗಾರು

ಮಳೆ ಬಿತ್ತು, ಸಜ್ಜೆ ಆಳೆತ್ತರ ಬೆಳೆಯಿತು, ಚಿಗರಿ ಮಾಯ. "ಎಲ್ಲಾ ಗಡಿ ದಾಟಿ ಆಂಧ್ರಕ್ಕ ಹೋಗ್ಯಾವ" ಅಂತ ಚಾದಂಗಡಿಯಲ್ಲಿ ತೀರ್ಪಾಯಿತು. ಎಲ್ಲಿಗೂ ಹೋಗಿರಲಿಲ್ಲ. ಎಲ್ಲೆಲ್ಲೂ ಹುಲ್ಲಿರುವಾಗ ಒಂದೇ ಕಡೆ ಯಾಕೆ ಸೇರಬೇಕು? ಚದುರಿ, ಮರಿಗಳನ್ನು ಬೆಳೆಯೊಳಗೆ ಅಡಗಿಸಿಕೊಂಡು ಹಾಯಾಗಿರುತ್ತವೆ.

ಪಂಚಮಿಗೆ ಅಕ್ಕನಿಗೆ ಇಳಕಲ್ ಸೀರೆ ತಂದ ಮೈದುನನಿಗೆ ಎರಡನೇ ಫೋಟೊ ತೋರಿಸಿದೆ.

"ಇದು ಬರೇ ಸಜ್ಜಿ ಹೊಲ ಮಾಮಾ."

"ಒಳಗ ಅದಾವ."

"ಎಷ್ಟು?"

"ಅದನ್ನ ನೀನ ಎಣಿಸ್ಕೊ."

ಅವನು ಸೀರೆಯ ಬೆಲೆಚೀಟಿ ಕತ್ತರಿಸಿ, ಅದೇ ಕತ್ತರಿಯನ್ನು ನನ್ನ ಮೀಸೆಯ ಮುಂದೆ ಕಚಕ್ ಕಚಕ್ ಅನಿಸಿದ.

ಹಿಂಗಾರು

ಹಿಂಗಾರಿಗೆ ಸುತ್ತಲ ಹುಲ್ಲು ಒಣಗಿ, ಎರೆಹೊಲದ ಕಡಲೆ ಮಾತ್ರ ಹಸಿರು. ಆಗ ನೋಡಿ, ಹೋಳಿಗೆ ವಾಸನೆ ಹಿಡಿದ ನೆಂಟರ ಹಾಗೆ ಇಡೀ ತಾಲೂಕಿನ ಚಿಗರಿ ನಮ್ಮಲ್ಲೇ. ಕಡಲೆ ಉಳಿಸಲು ನಮ್ಮವರು ಹೊಲದ ಸುತ್ತ ಗೂಟ ನೆಟ್ಟು ಹಳೇ ಸೀರೆ ಕಟ್ಟುತ್ತಾರೆ. ಅವು ಗಾಳಿಗೆ ಪಟಪಟ ಅಂದರೆ ಚಿಗರಿ ಬೆದರುತ್ತವೆ.

"ಮಂಚದ ಮ್ಯಾಲೆ ಹಳೇ ಸೀರಿ ಇಟ್ಟೀನಿ, ಇವತ್ತ ಕಟ್ಟಿ ಬರ್ರಿ" ಎಂದು ಹೆಂಡತಿ ಅಡುಗೆಮನೆಯಿಂದಲೇ ಹುಕುಂ ಮಾಡಿದಳು. ಮಂಚದ ಮೇಲಿದ್ದುದನ್ನೆಲ್ಲ ಬಾಚಿಕೊಂಡು ಹೋದೆ.

ಮೂರು ಕಡೆ ಕಟ್ಟಿದೆ. ನಾಲ್ಕನೇ ಕಡೆ ಬಂದಾಗ ಮೀಸೆ ನೆನಪಾಯಿತು. ಚಿಗರಿ ಬೆದರಿ ಓಡಿದರೆ ಫೋಟೊ ಎಲ್ಲಿಂದ? ಅದಕ್ಕೇ ಬಾಗಿಲಿನಷ್ಟು ಜಾಗ ಬಿಟ್ಟು, ಪಕ್ಕದ ಸೀರೆಯ ಮರೆಯಲ್ಲಿ ಮೊಬೈಲ್ ಹಿಡಿದು ಕುಂತೆ.

ಬಂತು, ಕರಿ ಬೆನ್ನಿನ ಗಂಡು ಚಿಗರಿ! ಬಾಗಿಲಲ್ಲಿ ನುಗ್ಗಿ ಹೊಟ್ಟೆ ತುಂಬ ಮೇಯ್ದು, ಹೊರಡುವಾಗ ತಲೆ ಆಡಿಸಿತು. ತಿರುಚಿದ ಕೊಂಬಿಗೆ ಸೀರೆ ಸುತ್ತಿಕೊಂಡಿತು. ಅದು ನನ್ನನ್ನು ನೋಡಿತು, ನಾನು ಬಟನ್ ಒತ್ತಿದೆ. ಮರುಕ್ಷಣ ಸೆರಗು ಹಾರಿಸುತ್ತ ತೆಕ್ಕಲಕೋಟೆ ದಿಕ್ಕಿಗೆ ಓಡಿತು.

ಸಂಕ್ರಾಂತಿಗೆ ಕುರುಗೋಡಿನ ಅತ್ತೆಮನೆಯಲ್ಲಿ, ಎಲ್ಲರ ಮುಂದೆ ಮೊಬೈಲ್ ತೆಗೆದೆ.

"ಸೋತೆ ಮಾಮಾ!" ಅಂದ ಮೈದುನ. "ಏನ್ ಕೊಂಬು, ಏನ್ ಕಣ್ಣು..." ಎಂದು ದೊಡ್ಡದು ಮಾಡಿ ನೋಡುತ್ತಿದ್ದವನು ತಟ್ಟನೆ ಮೊಬೈಲನ್ನು ಕಣ್ಣಿನ ಹತ್ತಿರ ತಂದ. "ಅಕ್ಕಾ, ಸ್ವಲ್ಪ ಇಲ್ಲಿ ಬಾ. ಈ ಚಿಗರಿ ಉಟ್ಟಿದ್ದು ನಾ ಪಂಚಮಿಗೆ ಕೊಟ್ಟ ಸೀರಿ ಅಲ್ಲೇನು?"

ಹೆಂಡತಿ ನೋಡಿದಳು. "ಇಸ್ತ್ರಿಗೆ ಕೊಡಬೇಕಂತ ಮಂಚದ ಮ್ಯಾಲೆ ಇಟ್ಟಿದ್ದೆ. ಕಳ್ಳ ಒಯ್ದ ಅಂತ ಊರ ಮಂದೀನೆಲ್ಲ ಬೈದೆ! ಬಾಜೂಕ ಇದೇನ್ರಿ, ಸೀರಿ ಕಟ್ಟದ ಜಾಗ?"

"ಅದು... ಗಾಳಿಗೆ..."

"ಹಂಗಾರ ಕಡ್ಲಿ ಹೋಗಿದ್ದು ಈ ಬಾಗಲದಾಗ!"

ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಹೋಗ್ಲಿ ಬಿಡವಾ, ಚಿಗರಿಗೆ ಚಂದ ಒಪ್ಪೈತಿ" ಅಂದರು.

ಏನೇ ಅನ್ನಿ, ಪಣ ಗೆದ್ದೆ, ಮೀಸೆ ಉಳಿಯಿತು.

ಇಷ್ಟರಲ್ಲಿ ಒಂದೇ ಒಂದು ಸಣ್ಣ ಸಂಗತಿ ಮಾತ್ರ ನಾನು ಸೇರಿಸಿದ್ದು. ಮೀಸೆ ಉಳಿಯಿತು ಅಂದೆನಲ್ಲ, ಅದು. ಪಣ ಕಟ್ಟಿದ್ದು ಮೈದುನನ ಜೊತೆ. ಕತ್ತರಿ ಹಿಡಿದದ್ದು ಅವನ ಅಕ್ಕ.