ನೆಟ್‌ವರ್ಕ್ ಬಿಟ್ಟ ಹಲ್ಲಿನ ಡಾಕ್ಟರು

ಹಲ್ಲಿನ ಕ್ಲಿನಿಕ್ಕಿನಲ್ಲಿ ಹೆದರುವವರು ರೋಗಿಗಳು ಎಂದು ಎಲ್ಲರೂ ತಿಳಿದಿದ್ದಾರೆ. ಅಮೆರಿಕದ ಕ್ಯಾಂಪ್‌ಬೆಲ್ ಊರಿನ ನನ್ನ ಕ್ಲಿನಿಕ್ಕಿನಲ್ಲಿ ಮೈ ಜುಮ್ಮೆನ್ನಿಸುವ ಸಂಗತಿಗಳೆಲ್ಲ ನಡೆಯುವುದು ಡಾಕ್ಟರಾದ ನನಗೇ. ಇನ್ಶೂರೆನ್ಸ್ ಕಂಪನಿಯ ನೆಟ್‌ವರ್ಕಿನಲ್ಲಿ ಇರಲೋ ಬಿಡಲೋ ಎಂದು ಒದ್ದಾಡಿದ ದಿನಗಳಲ್ಲಂತೂ ಕೇಳಲೇಬೇಡಿ. ನೆಟ್‌ವರ್ಕ್ ಅಂದರೆ ಇಷ್ಟೇ: ಕಂಪನಿ ತನ್ನ ಪಟ್ಟಿಯಲ್ಲಿ ನಮ್ಮ ಹೆಸರು ಹಾಕಿ ರೋಗಿಗಳನ್ನು ಕಳಿಸುತ್ತದೆ. ಬದಲಿಗೆ ಯಾವ ಹಲ್ಲಿಗೆ ಏನು ಕೊಡಬೇಕು ಎಂದು ಅದೇ ತೀರ್ಮಾನಿಸುತ್ತದೆ.

೧. ಇಲ್ಲದ ಹಲ್ಲು

ಯೂನಿಯನ್ ಸಿಟಿಯಿಂದ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ದವಡೆ ಹಿಡಿದುಕೊಂಡು ಬಂದರು. ರೂಟ್ ಕೆನಾಲ್ ಮಾಡಲೇಬೇಕಿತ್ತು. ಮುಂದಿನ ಡೆಸ್ಕಿನಲ್ಲಿ ಕೂರುವ ಮೈಸೂರಿನ ಹೆಂಗಸನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಅಕ್ಕ ಒಪ್ಪಿಗೆ ಕೇಳಲು ಕಂಪನಿಗೆ ಫೋನ್ ಮಾಡಿದರು. ಅಂಥ ಹಲ್ಲು ಅವರ ಬಾಯಲ್ಲೇ ಇಲ್ಲ, ಕಿತ್ತು ಬಹಳ ಕಾಲವಾಯಿತು ಎಂದರಂತೆ ಆ ಕಡೆಯವರು.

ನಾನು ಪುಟ್ಟ ಕನ್ನಡಿ ಹಿಡಿದು ನೋಡಿದೆ. ಹಲ್ಲು ಇತ್ತು. ಬೆರಳಿನಿಂದ ಮುಟ್ಟಿದೆ. ಇತ್ತು. ಅಕ್ಕ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಇನ್ನೊಂದ್ಸಲ ನೋಡಿ ಡಾಕ್ಟ್ರೇ, ಅವರು ತುಂಬಾ ಖಚಿತವಾಗಿ ಹೇಳ್ತಿದ್ದಾರೆ" ಅಂದಾಗ ಮಾತ್ರ ನಾನು ಕನ್ನಡಿ ಒರೆಸಿ ಮತ್ತೆ ನೋಡಿದೆ. ನನಗೇ ಏನೋ ಕಾಣಬಾರದ್ದು ಕಾಣುತ್ತಿದೆಯೇ ಅನ್ನಿಸಿಬಿಟ್ಟಿತು.

ಹಿರಿಯರು ನನ್ನ ಕೈಯನ್ನು ಮೆಲ್ಲಗೆ ಸರಿಸಿ ಹೇಳಿದರು: "ಇಲ್ಲದ ಹಲ್ಲ ಇಷ್ಟ್ ನೋಯ್ತದಂದ್ರ, ಇದ್ದ ಹಲ್ಲಿನ ಗತಿ ಏನ್ರೀ ಡಾಕ್ಟರ್?"

೨. ಹಳೆಯ ಡಾಕ್ಟರು

ಈ ಕ್ಲಿನಿಕ್ಕನ್ನು ನಾನು ವಯಸ್ಸಾದ ಅಮೆರಿಕನ್ ಡಾಕ್ಟರೊಬ್ಬರಿಂದ ಕೊಂಡದ್ದು. ಆಮೇಲೆ ಸ್ವಲ್ಪ ದಿನಕ್ಕೇ ಅವರು ತೀರಿಕೊಂಡರು. ಕಂಪನಿಯ ಪಟ್ಟಿಯಲ್ಲಿ ಮಾತ್ರ ಅವರಿಗೆ ಸಾವಿರಲಿಲ್ಲ. ಅವರೇ ಬೇಕು ಎಂದು ಹೊಸ ರೋಗಿಗಳು ಬರುತ್ತಲೇ ಇದ್ದರು.

ಒಂದು ಬೆಳಿಗ್ಗೆ ಬಂದ ಹೆಂಗಸು, ನೆನ್ನೆ ಸಂಜೆ ಡಾಕ್ಟರೇ ಫೋನ್ ಎತ್ತಿದ್ದರು, ದನಿ ಬಹಳ ಮೃದು ಎಂದಳು. ಅಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಡೆಸ್ಕಿನ ಫೋನು ರಿಂಗಾಯಿತು. ಇಬ್ಬರಿಗೂ ಎತ್ತುವ ಧೈರ್ಯ ಬರಲಿಲ್ಲ. ರಿಂಗು ನಿಂತ ಮೇಲೆ, ಸತ್ತುಹೋದ ಡಾಕ್ಟರು ಕೋಣೆಗೆಲ್ಲ ಕೇಳುವಂತೆ, ನಿಮ್ಮ ಹೆಸರು ಹೇಳಿ, ನಾನೇ ಸಂಪರ್ಕಿಸುತ್ತೇನೆ ಎಂದರು.

ಹಿಂದಿನ ದಿನ ಕರೆಂಟು ಹೋಗಿ ಬಂದಿತ್ತು. ಯಾರೂ ಎತ್ತದಿದ್ದಾಗ ಉತ್ತರ ಹೇಳುವ ಫೋನಿನ ಹಳೇ ಮೆಷೀನು ನಮ್ಮ ಮೆಸೇಜನ್ನು ಮರೆತು ಅವರ ಕಾಲದ ಮೆಸೇಜನ್ನು ಶುರು ಮಾಡಿತ್ತು. ಅಕ್ಕ ತಕ್ಷಣವೇ ಅದನ್ನು ಅಳಿಸಿದರು. ಪಟ್ಟಿಯಿಂದ ಅವರ ಹೆಸರನ್ನೂ ತೆಗೆಸೋಣ ಎಂದು ಕಂಪನಿಗೆ ಫೋನ್ ಮಾಡಿದರೆ, ಆ ಡಾಕ್ಟರೇ ಖುದ್ದಾಗಿ ಮಾತಾಡಿದರೆ ಮಾತ್ರ ತೆಗೆಯುತ್ತೇವೆ ಎಂದರಂತೆ.

ಅಕ್ಕ ಫೋನಿಟ್ಟು, "ಛೆ, ಅಳಿಸಬಾರದಿತ್ತು" ಎಂದರು.

೩. ಹೋದವರ ಸುದ್ದಿ

ಸನ್ನಿವೇಲ್‌ನಲ್ಲಿ ಇಂಜಿನಿಯರಾಗಿರುವ ನನ್ನ ಗಂಡನಿಗೂ ನನಗೂ ಊಟದ ಹೊತ್ತಿಗೆ ನೆಟ್‌ವರ್ಕಿನದೇ ಮಾತು. ಬಿಟ್ಟರೆ ಅರ್ಧದಷ್ಟು ರೋಗಿಗಳು ಹೋಗಬಹುದು, ಅಕ್ಕನ ಕೆಲಸಕ್ಕೂ ಕುತ್ತು. ಬಿಡದಿದ್ದರೆ ಕಂಪನಿ ಕೊಡುವ ಹಣಕ್ಕೆ ತಕ್ಕ ಹಾಗೆ, ಗಡಿಬಿಡಿಯಲ್ಲಿ ಬಾಯಿ ನೋಡಿ ಕಳಿಸಬೇಕು. ಅದು ನನ್ನಿಂದ ಆಗುತ್ತಿರಲಿಲ್ಲ. ಕೊನೆಗೆ ಅಕ್ಕನನ್ನೇ ಕೇಳಿದೆ. ನನ್ನ ಸಲುವಾಗಿ ಇರಬೇಡಿ, ಕಂಪನಿಯವರು ಕಾಯಿಸುವಾಗ ಹಾಕುವ ಸಂಗೀತ ಈಗೀಗ ಮನೆಯ ಕುಕ್ಕರಿನಿಂದಲೂ ಕೇಳಿಸುತ್ತಿದೆ ಎಂದರು.

ಬಿಡುತ್ತೇನೆ ಎಂದು ಹೇಳಲು ನಾನೇ ಫೋನ್ ಮಾಡಿದೆ. ಬಹಳ ಹೊತ್ತು ಕಾದ ಮೇಲೆ ಸಿಕ್ಕ ಹೆಂಗಸು ಪಿಸುಗುಡುವ ಹಾಗೆ, ಯೋಚಿಸಿದ್ದೀರಾ ಎಂದು ಕೇಳಿದಳು. ನನ್ನ ಹಾಗೆ ಬಿಟ್ಟು ಹೋದ ಬೇರೆ ಡಾಕ್ಟರುಗಳು ಹೇಗಿದ್ದಾರೆ ಎಂದು ನಾನು ಕೇಳಿದೆ.

ಆ ಕಡೆ ಕೀಬೋರ್ಡಿನ ಟಕಟಕ ಕೇಳಿಸಿತು. ಆಮೇಲೆ, "ಗೊತ್ತಿಲ್ಲ. ಹೋದವರು ಯಾರೂ ಮತ್ತೆ ಮಾತಾಡಿಲ್ಲ" ಎಂದಳು.

೪. ಊಟದ ಡಬ್ಬಿ

ಬಿಟ್ಟ ಮೊದಲ ದಿನಗಳಲ್ಲಿ ಕ್ಲಿನಿಕ್ಕು ಬಿಕೋ ಎನ್ನುತ್ತಿತ್ತು. ಗಾಳಿಗೆ ಬಾಗಿಲು ಅಲುಗಿದಾಗಲೆಲ್ಲ ಅದಕ್ಕೆ ಕಟ್ಟಿದ ಗಂಟೆ ತಾನಾಗಿಯೇ ಕಿಣಿಕಿಣಿ ಅನ್ನುವುದು, ಹೋಗಿ ನೋಡಿದರೆ ಯಾರೂ ಇಲ್ಲ. ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದರು. ಬಾಗಿಲ ಗಂಟೆ ಸದ್ದು ಮಾಡಿತು. ಬಿಳಿ ಕೋಟು, ಮುಖಕ್ಕೆ ಮಾಸ್ಕು, ಹಾಗೇ ಹೊರಗೆ ಬಂದೆ. ನಮ್ಮ ಹಳೆಯ ರೋಗಿ, ಬೆಂಗಳೂರಿನ ಅಜ್ಜಿ, ಮೊಮ್ಮಗಳ ಜೊತೆ ನಿಂತಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಕಣ್ಣಲ್ಲಿ ನೀರು.

ನನ್ನನ್ನು ನೋಡಿ ಅಜ್ಜಿಯ ಮುಖ ಬಿಳಿಚಿಕೊಂಡಿತು. ಬಹಳ ಮೆಲ್ಲಗೆ, "ಇನ್ನೂ ಇಲ್ಲೇ ಇದ್ದೀಯಾ ತಾಯಿ?" ಎಂದರು.

"ಎಲ್ಲಿಗೆ ಹೋಗ್ಲಿ ಅಜ್ಜಿ?"

"ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ವಾ?"

"ಹೇಗೆ ಬರುತ್ತೆ, ಇಷ್ಟು ವರ್ಷ ಇದ್ದ ಜಾಗ. ಈಗ ಯಾರೂ ಬರಲ್ಲ, ಒಬ್ಬಳೇ ಓಡಾಡ್ಕೊಂಡಿರ್ತೀನಿ."

ಅಜ್ಜಿ ಕಣ್ಣು ಮುಚ್ಚಿ ರಾಮ ರಾಮ ಎನ್ನತೊಡಗಿದರು. ನಾನು ಮಾಸ್ಕು ತೆಗೆದು ಅವರ ಕೈ ಹಿಡಿದುಕೊಂಡೆ. ಕೈ ಬೆಚ್ಚಗಿದೆ ಎಂದು ಖಾತ್ರಿಯಾದ ಮೇಲೆಯೇ ಅವರು ಕುರ್ಚಿಯಲ್ಲಿ ಕೂತದ್ದು.

ಆದದ್ದು ಇಷ್ಟು. ಅಪಾಯಿಂಟ್‌ಮೆಂಟಿಗೆ ಮೊದಲು ಮೊಮ್ಮಗಳು ಕಂಪನಿಗೆ ಫೋನ್ ಮಾಡಿದ್ದಾಳೆ. ಆ ಡಾಕ್ಟರು ಈಗ ನಮ್ಮ ಜೊತೆ ಇಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದಾರೆ. ಇಲ್ಲೇ ಹುಟ್ಟಿದ ಹುಡುಗಿ, ತನಗೆ ಬರುವ ಕನ್ನಡದಲ್ಲಿ ಅಜ್ಜಿಗೆ, "ಡಾಕ್ಟರ್ ಇನ್ನಿಲ್ಲ" ಎಂದಿದ್ದಾಳೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಡಾಕ್ಟರ ಗಂಡ ಉಪವಾಸ ಇರುತ್ತಾನೆ, ಅಕ್ಕನ ಕೈಲಿ ಕಳಿಸೋಣ ಎಂದು ಅಜ್ಜಿ ಬೆಳಿಗ್ಗೆಯಿಂದ ಅಡುಗೆ ಮಾಡಿ ತಂದಿದ್ದರು.

ಕಂಪನಿ ಕೊಡದಿದ್ದರೆ ತಾವೇ ಕೊಡುವುದಾಗಿ ಹೇಳಿ ಅಜ್ಜಿ ಅವತ್ತೇ ಹಲ್ಲು ತೋರಿಸಿಕೊಂಡರು. ನಾನು ಬದುಕಿರುವ ಸುದ್ದಿಯನ್ನು ದೇವಸ್ಥಾನದಲ್ಲಿ ಅವರೇ ಹಬ್ಬಿಸಿದರು. ಖಾತ್ರಿ ಮಾಡಿಕೊಳ್ಳಲು ಬಂದವರಲ್ಲಿ ಎಷ್ಟೋ ಜನ ಬಾಯಿ ತೆರೆದು ಕೂತೇ ಹೋದರು. ಕ್ಲಿನಿಕ್ಕು ಉಳಿಯಿತು, ಅಕ್ಕನೂ ಉಳಿದರು.

ಡಬ್ಬಿಯನ್ನು ಮಾತ್ರ ಅಜ್ಜಿ ವಾಪಸ್ ಒಯ್ಯಲಿಲ್ಲ. ಅವತ್ತು ಸಂಜೆ ಅದನ್ನು ಮನೆಗೆ ತಂದು ಗಂಡನಿಗೆ ಎಲ್ಲ ಹೇಳಿದೆ. ಅವನು ಗಂಭೀರವಾಗಿ ಕೇಳುತ್ತ ಬಿಸಿಬೇಳೆಭಾತು ಪೂರ್ತಿ ಮುಗಿಸಿ, ಬೆರಳು ನೆಕ್ಕಿಕೊಂಡು ಕೇಳಿದ:

"ಬೇರೆ ಕಂಪನಿಗಳ ನೆಟ್‌ವರ್ಕೂ ಇದೆಯಲ್ಲ, ಅದನ್ನ ಯಾವಾಗ ಬಿಡ್ತೀಯ?"