ತಾರಸಿಯ ಸೋಲಾರ್ ಹೀಟರಿಗೆ ನೆಲಮಹಡಿಯ ಅರಿಕೆ

ಕಟ್ಟಡದ ನೆತ್ತಿಯ ಮೇಲೆ ಕಾಲು ಚಾಚಿ ಬಿಸಿಲು ಕಾಯಿಸಿಕೊಳ್ಳುತ್ತಿರುವ ಮಾನ್ಯರೇ,

ತಮ್ಮ ಗಾಜಿನ ಕೊಳವೆಗಳೆಲ್ಲ ಕ್ಷೇಮವೆಂದು ನಂಬಿರುವ ನೆಲಮಹಡಿಯ ನಿವೃತ್ತ ಗ್ರಂಥಪಾಲಕನ ವಂದನೆಗಳು.

ತಾವು ಬಂದ ದಿನ ನಮ್ಮ ಸಂಘದ ಕಾರ್ಯದರ್ಶಿಗಳು, ಕಲ್ಲಿದ್ದಲು ಮುಗಿಯುತ್ತದೆ, ಸೂರ್ಯ ಮುಗಿಯುವುದಿಲ್ಲ ಎಂದು ಭಾಷಣ ಮಾಡಿ, ಮೆಟ್ಟಿಲ ಬಳಿ ‘ಮುಗಿಯದ ಸಂಪನ್ಮೂಲ, ಧಾರಾಳವಾಗಿ ಬಳಸಿ’ ಎಂಬ ಫಲಕ ತೂಗುಹಾಕಿದರು. ಜನ ಓದಿದ್ದನ್ನು ಪಾಲಿಸಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಮೂರನೆಯ ಮಹಡಿಯ ಸಂಗೀತದ ಮೇಡಂ ಹಾಡು ಮುಗಿಯುವವರೆಗೂ ನಲ್ಲಿ ನಿಲ್ಲಿಸುವುದಿಲ್ಲ. ಎರಡನೆಯ ಮಹಡಿಯ ದಂತವೈದ್ಯರು ಕಾರಿಗೂ ಬಿಸಿನೀರಿನ ಸ್ನಾನವನ್ನೇ ಮಾಡಿಸುತ್ತಾರೆ. ಮೊದಲ ಮಹಡಿಯಲ್ಲಿ ಕಾರ್ಯದರ್ಶಿಗಳೇ ಇದ್ದಾರೆ. ತಮ್ಮ ಕೃಪೆ ನನ್ನ ಬಕೆಟ್ಟಿಗೆ ಇಳಿಯುವ ಹೊತ್ತಿಗೆ ಹಲ್ಲು ಕಟಕಟ ಎನ್ನುತ್ತದೆ.

ಸೂರ್ಯ ರಿನ್ಯೂಯೆಬಲ್, ಒಪ್ಪಿದೆ. ಆದರೆ ತಮ್ಮ ಟ್ಯಾಂಕು ಐನೂರೇ ಲೀಟರು. ಕಾಲೇಜಿನಲ್ಲಿ ‘ಎನರ್ಜಿ ಕ್ಯಾನ್ ನೀದರ್ ಬಿ ಕ್ರಿಯೇಟೆಡ್ ನಾರ್’ ಎಂದೇನೋ ಬಾಯಿಪಾಠ ಮಾಡಿಸಿದ್ದರು. ಮುಂದಿನದು ಮರೆತಿದೆ, ಬಹುಶಃ ನೆಲಮಹಡಿಯವರ ಗತಿ ಅಲ್ಲೇ ಬರೆದಿತ್ತು.

ದಿನಾ ಬೆಳಗ್ಗೆ ಮಂಡಿಗೆ ಬಿಸಿನೀರು ಬೀಳದಿದ್ದರೆ ಕೋಲು ಹಿಡಿಯುತ್ತೀರಿ ಎಂದಿದ್ದಾರೆ ಮೂಳೆ ವೈದ್ಯರು. ಅದಕ್ಕೆಂದೇ ಹಳೆಯ ಕರೆಂಟ್ ಗೀಸರ್ ಉಳಿಸಿಕೊಂಡಿದ್ದೆ. ಅದು ಕಲ್ಲಿದ್ದಲು ತಿನ್ನುತ್ತದೆಂದು ಸಂಘ ಕೈಯೆತ್ತಿ ಮತ ಹಾಕಿ, ಕಳೆದ ಭಾನುವಾರ ಕಿತ್ತುಹಾಕಿಸಿತು. ನನ್ನ ಮಂಡಿ ಮುಗಿಯುವ ಪಟ್ಟಿಗೋ ಮುಗಿಯದ ಪಟ್ಟಿಗೋ ಎಂದು ಕೇಳಿದೆ, ಸಭೆಯ ನಡಾವಳಿಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ನನ್ನವಳಿದ್ದಿದ್ದರೆ, ಮುಗಿಯದೇ ಇರೋದು ನಿಮ್ಮ ಮಾತೊಂದೇ ಕಣ್ರೀ ಎಂದು ನನ್ನನ್ನು ಬದಿಗೆ ಸರಿಸಿ, ತಾನೇ ಹೋಗಿ ಕಾರ್ಯದರ್ಶಿಗಳ ಬಾಗಿಲು ಬಡಿಯುತ್ತಿದ್ದಳು. ಅವಳು ಹೋಗಿ ನಾಲ್ಕು ವರ್ಷವಾಯಿತು. ಆ ಸಂಪನ್ಮೂಲ ಮತ್ತೆ ಹುಟ್ಟುವಂಥದ್ದಲ್ಲ.

ಆದ್ದರಿಂದ ತಾವು ದಯಮಾಡಿ ಸೂರ್ಯನನ್ನು ನಸುಕಿಗೇ ಹೆಚ್ಚುವರಿ ಪಾಳಿಗೆ ಕರೆಸಬೇಕು. ಆಗದಿದ್ದರೆ ನೀರಿಗೆ ಕೆಳಗಿನಿಂದ ಮೇಲಕ್ಕೆ ಹರಿಯಲು ಆದೇಶಿಸಬೇಕು. ಅದೂ ಆಗದಿದ್ದರೆ ಕಟ್ಟಡವನ್ನೇ ತಲೆಕೆಳಗು ಮಾಡಿಸಿ, ನನ್ನದೇನೂ ತಕರಾರಿಲ್ಲ, ಸಾಮಾನು ಕಡಿಮೆ.

ತಮ್ಮ ಶಾಖದ ಕಡೆ ಸದಾ ಕೈಚಾಚಿರುವ, ಯುವರ್ಸ್ ಒಬೀಡಿಯಂಟ್ಲಿ,
ತಮ್ಮ ವಿಶ್ವಾಸಿ,
ಮನೆ ನಂಬರ್ ಒಂದು

ತಾ.ಕ.: ಈ ಪತ್ರವನ್ನು ತಮ್ಮ ಮೈಗೇ ಅಂಟಿಸಲು ಅರ್ಧ ಗಂಟೆ ಕೂತು ಕೂತು ಮೆಟ್ಟಿಲು ಹತ್ತಿದೆ. ತಮ್ಮ ಬೆನ್ನ ಹಿಂದೆ ನಾಲ್ಕು ವಾಲ್ವುಗಳಿವೆ, ಒಂದೊಂದು ಮಹಡಿಗೆ ಒಂದೊಂದು. ಮೇಲಿನ ಮೂರು ಮಹಡಿಗಳದ್ದನ್ನು ಮುಚ್ಚಿದ್ದೇನೆ. ದಿನಾ ಬಿಸಿನೀರು ಬಿದ್ದರೆ, ತೆರೆಯಲು ಮತ್ತೆ ಹತ್ತಿ ಬರುವಷ್ಟು ಶಕ್ತಿ ಈ ಮಂಡಿಗೆ ಇನ್ನೊಂದು ವಾರದಲ್ಲಿ ಬರಬಹುದೆಂದು ವೈದ್ಯರ ಅಂದಾಜು.